ಅಶ್ವಥ್ ಅವರ ಹಳೇ ಕ್ಯಾಸೆಟ್ಟು ಉಳಿಸಿಕೊಳ್ಳೋದು ಹೇಗೆ?

ಕಟ್ಟಿನಕೆರೆ ಹುಡುಗ (ಹಾಸನ):

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಸಕಲೇಶಪುರದ ಹತ್ತಿರ ಒಂದು ತೋಟದಲ್ಲಿ ಜೀಪ್ ಓಡಿಸುತ್ತಿದ್ದರು. ಜೀಪಲ್ಲಿ ಇದ್ದಿದ್ದು ಒಂದೇ ಕ್ಯಾಸೆಟ್ಟು, ಸಿ. ಅಶ್ವಥ್ ಅವರ ಶಿಶುನಾಳ ಷರೀಫರ ಹಾಡುಗಳದ್ದು. ಬೇರೆ ತನ್ನಿ ಅಂದರೆ "ಮೊದಲು ಇದು ಮುಗೀಲಿ" ಅನ್ನುತ್ತಿದ್ದರು. ಅದು ಯಾವತ್ತೂ ಮುಗಿಯಲೇ ಇಲ್ಲ.

ಒಂದು ಮಳೆಗಾಲ ದೋಣಿಗಾಲ್ ಹತ್ತಿರ ರೀಲು ಪ್ಲೇಯರಿಗೆ ಸಿಕ್ಕಿಕೊಂಡು ನಜ್ಜುಗುಜ್ಜಾಯಿತು. ಅಪ್ಪ ಜೀಪು ಪಕ್ಕಕ್ಕೆ ಹಾಕಿ, ಹಾಳಾದ ತುಂಡನ್ನು ಬ್ಲೇಡಲ್ಲಿ ಕುಯ್ದು, ಎರಡು ತುದಿ ಸೇರಿಸಿ ಸೆಲ್ಲೋಟೇಪ್ ಅಂಟಿಸಿದರು. ಅದೂ ಎಲ್ಲಿ ಅಂತೀರಾ, ಅಶ್ವಥ್ ದನಿ ಮೇಲಕ್ಕೆ ಏರಿಸುವ ಜಾಗದಲ್ಲೇ. ಎರಡು ಸೆಕೆಂಡು ಇರಬಹುದು, ಒಂದು ಪದ ಪೂರ್ತಿ ಹೋಯಿತು. ನಾನು ಆ ಹಾಡು ಕಲಿತಿದ್ದೂ ಹಾಗೇ. ಸ್ಕೂಲಲ್ಲಿ ಆ ಪದ ಹಾರಿಸಿ ಹಾಡಿದಾಗ ಮೇಷ್ಟ್ರು ಗದರಿದರು, "ಕ್ಯಾಸೆಟ್ಟಲ್ಲಿ ಹೀಗೇ ಇದೆ ಸಾರ್" ಅಂತ ವಾದ ಬೇರೆ ಮಾಡಿದ್ದೆ!

ಈಗ ಅಪ್ಪನಿಗೆ 76. ಫೋನಲ್ಲಿ ಅದೇ ಹಾಡು ಹಾಕಿಕೊಟ್ಟರೆ ಅರ್ಧ ಕೇಳಿ "ಅದಲ್ಲ ಕಣೋ, ನಮ್ದು ಹಾಕು" ಅಂತಾರೆ. ಮೊನ್ನೆ ಅಟ್ಟದ ಟ್ರಂಕಲ್ಲಿ ಕ್ಯಾಸೆಟ್ಟು ಸಿಕ್ಕಿತು. ರೀಲಿನ ಅಂಚಲ್ಲಿ ಬೆಳ್ಳಗೆ ಬೂಷ್ಟು ಹಿಡಿದಿದೆ. ನೆಂಟರ ಮನೆಯಿಂದ ಟೇಪ್ ರೆಕಾರ್ಡರ್ ತಂದಿದ್ದೇನೆ, ಹಾಕೋಕೆ ಭಯ. ಡಿಸೆಂಬರ್ 29 ಅಶ್ವಥ್ ಹುಟ್ಟಿದ ದಿನ, ಅಷ್ಟರೊಳಗೆ ಕೇಳಿಸಬೇಕು ಅಂತ ಆಸೆ. ಏನು ಮಾಡಲಿ? ಹಾಗೇ ನಿಮ್ಮ ಅಶ್ವಥ್ ನೆನಪುಗಳೂ ಬರಲಿ.

ಹಳೇ ರೇಡಿಯೋ (ಚಿಕ್ಕಮಗಳೂರು):

ದಯವಿಟ್ಟು ಹಾಗೇ ಹಾಕಬೇಡಿ. ಬೂಷ್ಟು ಹೆಡ್ಡಿಗೆ (ಟೇಪ್ ರೆಕಾರ್ಡರಲ್ಲಿ ರೀಲು ತಾಗಿ ಓಡುವ ಭಾಗ) ಮೆತ್ತಿಕೊಳ್ಳುತ್ತೆ, ಆಮೇಲೆ ಹಾಕುವ ಬೇರೆ ಕ್ಯಾಸೆಟ್ಟಿಗೂ ಹಬ್ಬುತ್ತೆ. ಮೊದಲು ಒಂದೆರಡು ದಿನ ಗಾಳಿಯಾಡುವ ನೆರಳಲ್ಲಿ ಇಡಿ, ಬಿಸಿಲಲ್ಲಿ ಬೇಡ. ಮೂಲೆಗಳಲ್ಲಿ ಸಣ್ಣ ಸ್ಕ್ರೂ ಇದ್ದರೆ ನಿಮ್ಮ ಅದೃಷ್ಟ, ಡಬ್ಬಿ ಬಿಚ್ಚಬಹುದು. ಎರಡು ಸುರುಳಿ ಹೊರಗೆ ತೆಗೆದು ಅಂಚನ್ನು ಒಣ ಹತ್ತಿಯಲ್ಲಿ ಮೆಲ್ಲಗೆ ಒರೆಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ.

ಆಮೇಲೆ ಸೆಲ್ಲೋಟೇಪ್. ನಿಜವಾದ ವೈರಿ ಅದೇ. ವರ್ಷ ಕಳೆದ ಹಾಗೆ ಅಂಟು ಹೊರಗೆ ಬಂದು ಪಕ್ಕದ ಸುತ್ತಿಗೂ ಹಿಡಿಯುತ್ತೆ. ಪೆನ್ಸಿಲ್ ಹಾಕಿ ನಿಧಾನಕ್ಕೆ ತಿರುಗಿಸುತ್ತಾ ಆ ಜಾಗ ಹುಡುಕಿ, ಹಳೇದನ್ನು ಬಿಡಿಸಿ, ರೀಲ್ ಜೋಡಿಸೋಕೆ ಅಂತಲೇ ಬರುವ ಟೇಪ್ ಹಚ್ಚಿ. ಆನ್‌ಲೈನಲ್ಲಿ ಸಿಗುತ್ತೆ. ಹಿಂಬದಿಗೆ ಮಾತ್ರ ಹಚ್ಚಬೇಕು, ಹೆಡ್ಡಿಗೆ ತಾಗುವ ಕಡೆ ಅಲ್ಲ. ಅಂದ ಹಾಗೆ ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ. ಎರಡು ಸೆಕೆಂಡು ಅಂದರೆ ನಿಮ್ಮಪ್ಪ ಕುಯ್ದಿದ್ದು ಹೆಚ್ಚುಕಮ್ಮಿ ಅರ್ಧ ಗೇಣು. ಅದರಲ್ಲಿ ಒಂದು ಪದ!

ಚನ್ನರಾಯಪಟ್ಟಣದ ಸೊಸೆ:

ಅಶ್ವಥ್ ಹುಟ್ಟಿದ್ದು ನಮ್ಮೂರಲ್ಲಿ, 1939ರಲ್ಲಿ. ಮದುವೆಯಾಗಿ ಬಂದ ಎಷ್ಟೋ ವರ್ಷ ಇದು ನನಗೆ ಗೊತ್ತೇ ಇರಲಿಲ್ಲ. ಅವರು ಹೋದ ದಿನ, 2009ರ ಡಿಸೆಂಬರ್ 29, ಮಾವನವರು ಟಿವಿ ಮುಂದೆ ಕೂತು "ಹುಟ್ಟಿದ ದಿನಾನೇ ಹೊರಟುಬಿಟ್ಟ ನೋಡಮ್ಮ, ಸರಿಯಾಗಿ ಎಪ್ಪತ್ತಕ್ಕೆ" ಅಂದರು. ಯಾರೋ ಮನೆಯವರ ವಿಷಯ ಹೇಳುವ ಹಾಗೆ. ಆಗಲೇ ತಿಳಿದಿದ್ದು. ಬೆಂಗಳೂರಿನ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇಷ್ಟೆಲ್ಲ ಹಾಡಿಗೆ ರಾಗ ಹಾಕಿದ ಮನುಷ್ಯ. ನಾವು ಆಫೀಸಿಂದ ಬಂದು ಒಂದು ಕಾಫಿ ಕುಡಿದರೆ ಮುಗೀತು, ಅಲ್ವಾ?

ಕಣದಲ್ಲಿರೋನು (ಮೂಡಿಗೆರೆ):

ನಾನು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಹೋಗಿದ್ದೆ. ಮೂರು ಜನ ಗೆಳೆಯರು, ಬೇಲೂರು ಹಾಸನ ಮೇಲೆ ಬಸ್ಸು, ಜೇಬಲ್ಲಿ ವಾಪಸ್ ಬರೋಕೆ ಎಷ್ಟು ಬೇಕೋ ಅಷ್ಟೇ ದುಡ್ಡು. ಲಕ್ಷ ಜನ ಸೇರಿದ್ದರು ಅಂತಾರೆ, ನಾನು ಎಣಿಸಲಿಲ್ಲ, ನನಗೆ ಕಂಡಿದ್ದು ಮುಂದಿದ್ದವನ ಬೆನ್ನು ಮತ್ತು ಅವನ ಹೆಗಲ ಮೇಲೆ ಕೂತ ಮಗು. ಕುವೆಂಪು, ಬೇಂದ್ರೆ ಕವಿತೆ ಕೇಳೋಕೆ ಅಷ್ಟು ಜನ ಬಂದಿದ್ದರು ಅನ್ನೋದು ಈಗ ಹೇಳಿದರೆ ಮಕ್ಕಳು ನಂಬಲ್ಲ. ಅಶ್ವಥ್ ದನಿ ಎತ್ತಿದಾಗ ಆ ಮಗು ಎರಡೂ ಕೈಯಲ್ಲಿ ಅಪ್ಪನ ಕೂದಲು ಹಿಡಿದುಕೊಂಡಿತು. ಅಷ್ಟು ಚೆನ್ನಾಗಿ ನೆನಪಿದೆ.

ಈಗ ಕುಯ್ಲು ನಡೀತಿದೆ, ಕಣದಲ್ಲಿ ಕಾಫಿ ಹರಡುವಾಗ ಮೊಬೈಲಲ್ಲಿ ಹಾಕಿಕೊಳ್ಳುತ್ತೇನೆ. ತೋಟದ ಮಧ್ಯ ನೆಟ್‌ವರ್ಕ್ ಹೋಗಿ ಅದೂ ಪದ ನುಂಗುತ್ತೆ ಬಿಡಿ.

ಸುಮ್ನೆ ಕೇಳುಗ:

ಬೈಬೇಡಿ. ನನಗೆ ಅಶ್ವಥ್ ಸ್ವಲ್ಪ ಜಾಸ್ತಿಯೇ ಕೂಗುತ್ತಿದ್ದರು ಅನಿಸುತ್ತೆ. ಮೈಸೂರು ಅನಂತಸ್ವಾಮಿ ಹಾಡಿದರೆ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಇರುತ್ತೆ. ನಾಡಗೀತೆಯ ಧಾಟಿ ಯಾರದ್ದು ಇರಬೇಕು ಅನ್ನೋ ಜಗಳವೂ ವರ್ಷಗಟ್ಟಲೆ ನಡೆದು, ಕಡೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರದ್ದನ್ನೇ ಒಪ್ಪಿತಲ್ಲ.

ಚನ್ನರಾಯಪಟ್ಟಣದ ಸೊಸೆ:

ಸರ್ಕಾರ ಎರಡೂವರೆ ನಿಮಿಷದಲ್ಲಿ ಮುಗಿಯಬೇಕು ಅಂದಿದ್ದು, ಶಾಲೆ ಮಕ್ಕಳು ನಿಂತು ಹಾಡಬೇಕಲ್ಲ. ಅದಕ್ಕೆ ಅನಂತಸ್ವಾಮಿ ಧಾಟಿ ಸರಿ, ಒಪ್ಪಿದೆ. ಆದರೆ ಷರೀಫರ ಹಾಡನ್ನು ಪಕ್ಕದಲ್ಲಿ ಕೂತು ಪಿಸುಗುಡೋಕೆ ಆಗುತ್ತಾ? 1990ರ ಷರೀಫ ಸಿನಿಮಾ ಇನ್ನೊಮ್ಮೆ ನೋಡಿ. ಎಷ್ಟು ಎತ್ತರಕ್ಕೆ ಹೋದರೂ ಒಂದಕ್ಷರ ಮಸುಕಾಗಲ್ಲ. ನಾವು ಕೂಗಿದರೆ ಬರೀ ಕೂಗು ಕೇಳಿಸುತ್ತೆ, ಅವರು ಕೂಗಿದರೆ ಪದ ಕೇಳಿಸುತ್ತೆ.

ಸುಮ್ನೆ ಕೇಳುಗ:

ಸರಿ ಅಕ್ಕ, ಆ ಒಂದು ಮಾತಿಗೆ ಸೋತೆ. ಅನಂತಸ್ವಾಮಿ ವಿಷಯದಲ್ಲಿ ಸೋತಿಲ್ಲ.

ಕಟ್ಟಿನಕೆರೆ ಹುಡುಗ (ಹಾಸನ):

ಬಿಚ್ಚಿದೆ ಸಾರ್! ಐದು ಸ್ಕ್ರೂ ಇತ್ತು. ಬೂಷ್ಟು ಬಂತು, ಸೆಲ್ಲೋಟೇಪ್ ಹಳದಿಯಾಗಿ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು, ಅದನ್ನೂ ಬಿಡಿಸಿದೆ. ಅಪ್ಪ ಪಕ್ಕದಲ್ಲೇ ಕೂತು "ನಾನು ಹಚ್ಚಿದ್ದು ಇಷ್ಟು ವರ್ಷ ಬಂತು, ನಿಂದು ಎಷ್ಟು ದಿನ ಬರುತ್ತೆ ನೋಡೋಣ" ಅಂತ ಉಸ್ತುವಾರಿ. ಆದರೆ ಒಳಗೆ ರೀಲಿನ ಹಿಂದೆ ಒಂದು ಪುಟ್ಟ ಮೆತ್ತೆ ಇರುತ್ತಲ್ಲ, ಅದು ಕಿತ್ತು ಕೈಗೇ ಬಂತು. ಏನು ಮಾಡೋದು?

ಹಳೇ ರೇಡಿಯೋ (ಚಿಕ್ಕಮಗಳೂರು):

ಮೆತ್ತೆ ಇಲ್ಲದಿದ್ದರೆ ದನಿ ಮಂಕಾಗುತ್ತೆ. ಸುಲಭ ದಾರಿ ಅಂದರೆ ಸ್ಕ್ರೂ ಇರುವ ಬೇರೆ ಯಾವುದಾದರೂ ಹಳೇ ಕ್ಯಾಸೆಟ್ ಬಿಚ್ಚಿ, ಆ ಡಬ್ಬಿಯೊಳಗೆ ನಿಮ್ಮ ಸುರುಳಿ ಕೂರಿಸಿ. ಒಮ್ಮೆ ಓಡಿದ ತಕ್ಷಣ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಬಿಡಿ, ಎರಡನೇ ಸಲ ನಂಬೋಕಾಗಲ್ಲ.

ಕಟ್ಟಿನಕೆರೆ ಹುಡುಗ (ಹಾಸನ):

ಮನೇಲಿ ಉಳಿದಿರೋದು ಇನ್ನೊಂದೇ ಕ್ಯಾಸೆಟ್ಟು, ಅಮ್ಮನ ದೇವರನಾಮದ್ದು. ಅದನ್ನು ಮುಟ್ಟಿದರೆ ನಂಗೂ ಅಪ್ಪನಿಗೂ ರಾತ್ರಿ ಊಟ ಇಲ್ಲ. ಹಾಸನದಲ್ಲಿ ಯಾರ ಹತ್ತಿರವಾದರೂ ಕೆಲಸಕ್ಕೆ ಬಾರದ ಹಳೇ ಕ್ಯಾಸೆಟ್ ಇದೆಯಾ? ನಾನೇ ಬಂದು ತಗೊಂಡು ಹೋಗುತ್ತೇನೆ.