ಗಾರ್ಮೆಂಟ್ಸ್ ಯೂನಿಟ್ ಮದ್ದೂರಿಗೆ ಹೋಗುತ್ತಿದೆ, ‘ರಿಸೈನ್ ಬರೆದು ಅಲ್ಲಿ ಸೇರಿ’ ಅಂತಾರೆ: ಗ್ರಾಚ್ಯುಟಿ, ಪಿಎಫ್ ಏನಾಗುತ್ತೆ?

ಪ್ರಶ್ನೆ (ಕೆಂಗೇರಿವಾಸಿ): ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್ ಕಂಪನಿ ತನ್ನ ಯೂನಿಟ್ಟನ್ನು ಮದ್ದೂರಿನ ಕಡೆ ಸಾಗಿಸುತ್ತಿದೆ. ಟೈಲರ್, ಚೆಕಿಂಗ್, ಹೆಲ್ಪರ್ ಎಲ್ಲರ ಹತ್ತಿರವೂ ಎಚ್‌ಆರ್‌ನವರು ಟೈಪ್ ಮಾಡಿಟ್ಟ ರಾಜೀನಾಮೆಗೆ ಸಹಿ ಕೇಳುತ್ತಿದ್ದಾರೆ. ಕೆಲವರಿಗೆ 9 ವರ್ಷ ತುಂಬಿದೆ, ಕೆಲವರಿಗೆ 4 ವರ್ಷ 10 ತಿಂಗಳು. ಹಾಸ್ಟೆಲಿನಲ್ಲಿರುವ ಒಡಿಶಾದ ಹುಡುಗಿಯರು ಊರಿಗೇ ಹೋಗುತ್ತೇವೆ ಅನ್ನುತ್ತಿದ್ದಾರೆ. ಯಾರು ಏನು ಮಾಡಬೇಕು?

ಉತ್ತರ 1 (ಕಾರ್ಮಿಕ ಕಾನೂನು): ಕಂಪನಿ ಅದೇ ಆಗಿದ್ದರೆ ರಾಜೀನಾಮೆಯ ಮಾತೇ ಬರಬಾರದು. ವರ್ಗಾವಣೆ ಪತ್ರ ಕೇಳಿ. ಅದರಲ್ಲಿ ಮೊದಲು ಸೇರಿದ ತಾರೀಖು ಇರಬೇಕು, ಹಳೇ ಯುಎಎನ್ (ಪಿಎಫ್ ಸದಸ್ಯರ ನಂಬರ್) ಮತ್ತು ಇಎಸ್‌ಐ (ಕಾರ್ಮಿಕರ ವಿಮೆ) ನಂಬರ್ ಮುಂದುವರಿಯಬೇಕು, ಮೂಲವೇತನ ಇಳಿಯಬಾರದು. ಈ ಕೊನೆಯದನ್ನು ಗಮನಿಸಿ. ಕನಿಷ್ಠ ವೇತನ ವಲಯಕ್ಕೊಂದು ದರ, ಬೆಂಗಳೂರಿನದೇ ಹೆಚ್ಚು. ರಾಜೀನಾಮೆ ಕೊಟ್ಟು ಹೊಸದಾಗಿ ಸೇರಿದರೆ ಅಲ್ಲಿನ ಕಡಿಮೆ ದರಕ್ಕೆ ಇಳಿಸುವುದು ಸಲೀಸು. ಕೆಲಸದಲ್ಲಿರುವವರ ವೇತನ ಬದಲಿಸಲು 21 ದಿನ ಮುಂಚೆ ನೋಟಿಸ್ ಕೊಡಬೇಕು.

ಗ್ರಾಚ್ಯುಟಿ (5 ವರ್ಷ ದುಡಿದವರು ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ದುಡ್ಡು) ಲೆಕ್ಕ: ಕೊನೆಯ ಮೂಲವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 13,000 ಇದ್ದರೆ, 13,000 × 15 ÷ 26 = ವರ್ಷಕ್ಕೆ 7,500. 9 ವರ್ಷಕ್ಕೆ 67,500. ಸಹಿ ಹಾಕಿದರೆ ಇದು ಸಿಗುತ್ತದೆ ನಿಜ, ಆದರೆ ಮದ್ದೂರಿನಲ್ಲಿ ಮತ್ತೆ ಸೊನ್ನೆಯಿಂದ 5 ವರ್ಷ ಎಣಿಸಬೇಕು. 4 ವರ್ಷ 10 ತಿಂಗಳಿನವರಿಗೆ ನೇರ ನಷ್ಟ. ‘ಆರು ತಿಂಗಳು ದಾಟಿದರೆ ಒಂದು ವರ್ಷ’ ಎಂಬ ನಿಯಮವನ್ನು ಎಲ್ಲರೂ ಇಲ್ಲಿಗೆ ತಂದು ಹಚ್ಚುತ್ತಾರೆ. ಅದು 5 ವರ್ಷ ದಾಟಿದವರ ಲೆಕ್ಕಕ್ಕೆ ಮಾತ್ರ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ 1998ರಲ್ಲಿ ಹೇಳಿದೆ, ಹೆರಿಗೆ ರಜೆಯೂ ಆ ಎಣಿಕೆಗೆ ಸೇರುತ್ತದೆ. ಆದರೆ ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ. ಎರಡು ತಿಂಗಳು ತಡೆದುಕೊಳ್ಳುವುದೇ ಮೇಲು.

ಈಗಾಗಲೇ ಸಹಿ ಹಾಕಿದ್ದರೆ, ಕಂಪನಿ ಅದನ್ನು ಅಂಗೀಕರಿಸುವ ಮೊದಲೇ ‘ಹಿಂಪಡೆದಿದ್ದೇನೆ’ ಎಂದು ಬರೆದು ಸ್ವೀಕೃತಿ ಬರುವ ಅಂಚೆಯಲ್ಲಿ ಕಳಿಸಿ. ಬಾಯಿಮಾತು ನಡೆಯದು.

ಉತ್ತರ 2 (ಪಿಎಫ್ ನೋಡಿಕೊಳ್ಳುವವ): ಹೆಸರು ಸರಿಪಡಿಸುವ ಕೆಲಸ ಈ ವಾರವೇ ಆಗಲಿ. ಆಧಾರ್ ಕಾರ್ಡಿನಲ್ಲಿ ‘ಲಕ್ಷ್ಮಮ್ಮ’, ಪಿಎಫ್‌ನಲ್ಲಿ ‘ಲಕ್ಷ್ಮಿ’. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನದು. ಕ್ಲೇಮ್ ತಿರಸ್ಕಾರವಾಗುವುದು ಹೆಚ್ಚಾಗಿ ಇಲ್ಲೇ. ತಿದ್ದುಪಡಿಗೆ ಮಾಲೀಕರ ಒಪ್ಪಿಗೆ ಬೇಕಾಗಬಹುದು, ಗೇಟಿಗೆ ಬೀಗ ಬಿದ್ದ ಮೇಲೆ ಯಾರನ್ನು ಹುಡುಕುತ್ತೀರಿ?

ಕಾರ್ಖಾನೆ ಬದಲಿಸಿದಾಗಲೆಲ್ಲ ಹೊಸ ಯುಎಎನ್ ಆಗಿದ್ದರೆ ಎಲ್ಲವನ್ನೂ ಒಂದಕ್ಕೆ ವರ್ಗಾಯಿಸಿ. ಮಾಲೀಕರ ಪಾಲಿನಿಂದ ವೇತನದ 8.33% ಪಿಂಚಣಿ ಖಾತೆಗೆ ಹೋಗುತ್ತದೆ, ಪಿಂಚಣಿಗೆ 10 ವರ್ಷ ಬೇಕು. ಫಾರಂ 10ಸಿ ತುಂಬಿ ಆ ದುಡ್ಡು ತೆಗೆದರೆ ಅಷ್ಟು ವರ್ಷಗಳ ಸೇವೆಯೂ ಅಳಿಸಿಹೋಗುತ್ತದೆ.

ಉತ್ತರ 3 (ಪೀಣ್ಯ): ಹಾಗಂತ ದುಡ್ಡು ತೆಗೆಯುವವರನ್ನು ಬೈಯಬೇಡಿ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ಆದೇಶ ಬಂದಾಗ, 2016ರ ಏಪ್ರಿಲ್‌ನಲ್ಲಿ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಿಳಿದು ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯುವಂತೆ ಮಾಡಿದರು. ಮಕ್ಕಳ ಫೀಸು, ಕೈಸಾಲ ತೀರುವುದು ಆ ದುಡ್ಡಿನಿಂದಲೇ. ಆದರೆ ಅದಕ್ಕಾಗಿ ಕೆಲಸ ಬಿಡಬೇಕಿಲ್ಲ. ಕಾಯಿಲೆ, ಓದು, ಮದುವೆಗೆ ಫಾರಂ 31ರಲ್ಲಿ ಅಡ್ವಾನ್ಸ್ ಸಿಗುತ್ತದೆ.

ಒಡಿಶಾದವರಿಗೆ: ಆಧಾರಕ್ಕೆ ಜೋಡಿಸಿದ ಸಿಮ್ ಅವರ ಕೈಯಲ್ಲೇ ಇದೆಯೇ ನೋಡಿ. ಕರೆತಂದ ಏಜೆಂಟನದೋ ಅಣ್ಣನದೋ ನಂಬರ್ ಇದ್ದರೆ ಒಟಿಪಿ ಅವನಿಗೇ ಹೋಗುತ್ತದೆ, ಹೊರಡುವ ಮೊದಲೇ ಬದಲಿಸಿ. ಕೆಲಸ ಬಿಟ್ಟ ತಾರೀಖನ್ನು ಕಂಪನಿ ಹಾಕದಿದ್ದರೆ, ಪಿಎಫ್‌ನ ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಅದರ ಪೋರ್ಟಲಿನಲ್ಲಿ ತಾವೇ ಹಾಕಬಹುದು. ಮುಂದೆ ತಿರುಪ್ಪೂರಿಗೋ ಬೇರೆಡೆಗೋ ದುಡಿಯಲು ಹೋಗುವ ಯೋಚನೆಯಿದ್ದರೆ ಪಿಂಚಣಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ (ಪಿಂಚಣಿಗೆ ಎಣಿಸುವ ಸೇವೆಯ ವರ್ಷಗಳನ್ನು ಉಳಿಸಿಡುವ ಪತ್ರ) ತೆಗೆದುಕೊಳ್ಳಲಿ. ಬಸುರಿಯರಿದ್ದರೆ ಇಎಸ್‌ಐ ಹಾಜರಿ ಮೊದಲು ಎಣಿಸಿ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ಒಂದೊಂದೂ ಆರು ತಿಂಗಳು) 70 ದಿನ ತುಂಬಿದ್ದರೆ 26 ವಾರದ ಹೆರಿಗೆ ಭತ್ಯೆ ಇದೆ.