ಪದಚರ್ಚೆ: ಕಾರಿನ ‘ಡ್ರೈವ್ ಬೆಲ್ಟ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಕಾರು ನಿರ್ವಹಣೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಎಂಜಿನ್ನಿನ ಮುಖ್ಯ ದಂಡದ ಪುಲ್ಲಿಯಿಂದ (ಕ್ರ್ಯಾಂಕ್ ಪುಲ್ಲಿ) ಹೊರಟು, ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಏಸಿ ಕಂಪ್ರೆಸರ್, ನೀರಿನ ಪಂಪು ಇವನ್ನೆಲ್ಲ ತಿರುಗಿಸುವ ರಬ್ಬರ್ ಬೆಲ್ಟಿಗೆ ಮೂಲದಲ್ಲಿ ‘ಡ್ರೈವ್ ಬೆಲ್ಟ್’ ಎಂದಿದೆ. ಕರಡಿನಲ್ಲಿ ಹೀಗೆ ಬರೆದಿದ್ದೇವೆ: ‘ಚಾಲನಾ ಪಟ್ಟಿಯ ಒತ್ತಡ ಪರೀಕ್ಷಿಸಿ, ಹಲ್ಲುಗಳಲ್ಲಿ ಬಿರುಕು ಕಂಡರೆ ಬದಲಾಯಿಸಿ.’ ಇದು ಸರಿಯೇ? ಗ್ಯಾರೇಜಿನಲ್ಲಿ ‘ಫ್ಯಾನ್ ಬೆಲ್ಟ್’ ಅನ್ನುತ್ತಾರೆ. ಅದನ್ನೇ ಇಟ್ಟುಕೊಳ್ಳಬಹುದೇ?

ಉತ್ತರ

‘ಹಲ್ಲು’ ಪದವನ್ನು ಮೊದಲು ತೆಗೆಯಿರಿ. ಹಲ್ಲಿರುವುದು ಟೈಮಿಂಗ್ ಬೆಲ್ಟಿಗೆ, ಎಂದರೆ ಎಂಜಿನ್ನಿನ ಕವಚದೊಳಗಿದ್ದು ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಬೆಲ್ಟಿಗೆ. ಅದರ ಹಲ್ಲುಗಳು ಬೆಲ್ಟಿನ ಅಡ್ಡಕ್ಕೆ ಇರುತ್ತವೆ, ಹಲ್ಲಿನ ಚಕ್ರಕ್ಕೇ ಕಚ್ಚಿಕೊಳ್ಳುತ್ತವೆ. ನೀವು ಹೇಳುತ್ತಿರುವ ಬೆಲ್ಟಿನಲ್ಲಿರುವುದು ಉದ್ದಕ್ಕೂ ಓಡುವ ಉಬ್ಬುಗೆರೆಗಳು. ಅವನ್ನು ‘ಏಣು’ ಎನ್ನಬಹುದು, ಪುಲ್ಲಿಯಲ್ಲಿ ಅವು ಕೂರುವ ಜಾಗವನ್ನು ‘ತೋಡು’ ಎನ್ನಬಹುದು. ವ್ಯತ್ಯಾಸ ಸಣ್ಣದಲ್ಲ. ಏಣಿನ ಬೆಲ್ಟ್ ಹರಿದರೆ ಬ್ಯಾಟರಿ ದೀಪ ಹತ್ತುತ್ತದೆ, ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಇದ್ದರೆ ಭಾರವಾಗುತ್ತದೆ, ನೀರಿನ ಪಂಪೂ ಅದರ ಮೇಲೇ ಇದ್ದರೆ ಎಂಜಿನ್ ಬಿಸಿಯೇರುತ್ತದೆ. ಕೂಡಲೇ ನಿಲ್ಲಿಸಿದರೆ ಎಂಜಿನ್ ಉಳಿಯುತ್ತದೆ. ಟೈಮಿಂಗ್ ಬೆಲ್ಟ್ ಹರಿದರೆ ಬಹಳಷ್ಟು ಎಂಜಿನ್ನುಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ‘ಹಲ್ಲಿನ ಬೆಲ್ಟ್ ಹಾಕಿಸಿಯಾಯಿತು’ ಎಂದುಕೊಂಡು ಓದುಗರು ಒಳಗಿನ ಬೆಲ್ಟನ್ನು ಮರೆತರೆ ನಷ್ಟ ಸಣ್ಣದಾಗಿರುವುದಿಲ್ಲ. ಟೈಮಿಂಗ್ ಚೈನ್ ಇರುವ ಎಂಜಿನ್ನುಗಳಲ್ಲಿ, ಮಾರುತಿಯ ಕೆ ಸರಣಿಯಂಥವುಗಳಲ್ಲಿ, ಒಳಗೆ ಬೆಲ್ಟೇ ಇಲ್ಲ ಎಂಬುದನ್ನೂ ಅಲ್ಲೇ ಒಂದು ಸಾಲಿನಲ್ಲಿ ಹೇಳಿ.

‘ಚಾಲನಾ’ ಎಂದ ಕೂಡಲೇ ಗಾಡಿಯನ್ನು ಓಡಿಸುವ ಬೆಲ್ಟ್ ಎಂಬ ಅರ್ಥ ಬರುತ್ತದೆ. ಗೇರಿಲ್ಲದ ಸ್ಕೂಟರಿನಲ್ಲಿ ಅದು ನಿಜ. ಅಲ್ಲಿ ಡ್ರೈವ್ ಬೆಲ್ಟ್ ಹರಿದರೆ ಹಿಂದಿನ ಚಕ್ರ ತಿರುಗುವುದೇ ಇಲ್ಲ. ಸ್ಕೂಟರ್ ಮೆಕ್ಯಾನಿಕ್ಕಿಗೆ ‘ಡ್ರೈವ್ ಬೆಲ್ಟ್’ ಎಂದರೆ ಅದೇ. ಕಾರಿನ ಈ ಬೆಲ್ಟಿಗೂ ಚಕ್ರಕ್ಕೂ ಸಂಬಂಧವಿಲ್ಲ. ಇನ್ನು ‘ಪಟ್ಟಿ’ ಎಂದರೆ ಯಾದಿಯೂ ಹೌದು, ‘ಚಾಲನಾ ಪಟ್ಟಿ’ ಎಂದರೆ ಚಾಲಕರ ಹೆಸರು ಬರೆದ ಹಾಳೆಯಂತೆ ಕೇಳುತ್ತದೆ. ಬೆಲ್ಟ್ ಎಂಬುದು ಕನ್ನಡದ್ದೇ ಆಗಿ ಎಷ್ಟೋ ಕಾಲವಾಯಿತು. ಅದನ್ನು ಬಿಡಬೇಡಿ.

‘ಫ್ಯಾನ್ ಬೆಲ್ಟ್’ ಬಳಕೆಗೆ ಕಾರಣವಿದೆ. ಅಂಬಾಸಿಡರಿನಲ್ಲಿ ರೇಡಿಯೇಟರಿನ ಫ್ಯಾನು ನೀರಿನ ಪಂಪಿನ ಪುಲ್ಲಿಯ ಮೇಲೇ ಕೂತಿತ್ತು. ಒಂದೇ ವಿ-ಬೆಲ್ಟ್ ಅದನ್ನೂ ಡೈನಮೋವನ್ನೂ ತಿರುಗಿಸುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರ ಫ್ಯಾನು ವಿದ್ಯುತ್ ಮೋಟಾರಿನದು, ಬೆಲ್ಟಿನ ಹಂಗಿಲ್ಲ. ಆದರೂ ಹೆಸರು ಉಳಿಯಿತು. ಆಲ್ಟರ್ನೇಟರನ್ನು ಇವತ್ತಿಗೂ ಡೈನಮೋ ಎನ್ನುವವರಿದ್ದಾರೆ. ಗ್ಯಾರೇಜಿನಲ್ಲಿ ಆಡುವ ಮಾತಿಗೆ ಫ್ಯಾನ್ ಬೆಲ್ಟ್ ಚೆನ್ನಾಗಿಯೇ ನಡೆಯುತ್ತದೆ. ಕೈಪಿಡಿಗೆ ಮಾತ್ರ ‘ಹೊರಬೆಲ್ಟ್’ ಎಂದು ಬರೆದು, ಮೊದಲ ಸಲ ಬಂದಾಗ ‘ಗ್ಯಾರೇಜಿನಲ್ಲಿ ಫ್ಯಾನ್ ಬೆಲ್ಟ್ ಎನ್ನುವುದು ಇದನ್ನೇ’ ಎಂದು ಸೇರಿಸಿ. ಕವಚದೊಳಗೆ ಅಡಗಿರುವ ಟೈಮಿಂಗ್ ಬೆಲ್ಟಿನಿಂದ ಅದನ್ನು ಬೇರೆ ಮಾಡಲು ‘ಹೊರ’ ಸಾಕು.

‘ಒತ್ತಡ’ ಟೈರಿನ ಗಾಳಿಗೆ. ಇಲ್ಲಿ ಬೇಕಿರುವುದು ‘ಬಿಗಿ’. ‘ಬೆಲ್ಟ್ ಬಿಗಿ ನೋಡಿ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ನೋಡುವ ರೀತಿಯನ್ನೂ ಬರೆಯಿರಿ: ಎಂಜಿನ್ ನಿಲ್ಲಿಸಿ, ಕೀ ತೆಗೆದು, ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಸುಮಾರು 10 ಕೆಜಿ ಬಲ ಬೀಳುವಂತೆ ಒತ್ತಬೇಕು. 6ರಿಂದ 10 ಮಿ.ಮೀ. ತಗ್ಗುವುದು ಹಲವು ಹಳೆಯ ಕಾರುಗಳ ಲೆಕ್ಕ. ನಿಮ್ಮ ಮೂಲದಲ್ಲಿರುವ ಅಂಕಿಯನ್ನೇ ಹಾಕಿ. ಸಡಿಲವಾದರೆ ಬೆಲ್ಟ್ ಜಾರಿ ಕೂಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿ ಹೆಡ್‌ಲೈಟು, ಏಸಿ ಹಾಕಿದಾಗ ಹೆಚ್ಚು. ಅತಿಯಾಗಿ ಬಿಗಿದರೆ ಆಲ್ಟರ್ನೇಟರ್, ನೀರಿನ ಪಂಪಿನ ಬೇರಿಂಗು ಹೋಗುತ್ತವೆ. ಬೆಲ್ಟನ್ನು ತಾನಾಗಿಯೇ ಬಿಗಿಯಾಗಿಡುವ ಸ್ಪ್ರಿಂಗ್ ಟೆನ್ಷನರ್ ಇರುವ ಕಾರಿಗೆ ಈ ಹೆಬ್ಬೆರಳ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ನೋಡಬೇಕಾದದ್ದು ಟೆನ್ಷನರಿನ ತೋಳು ಗುರುತುಗಳ ನಡುವೆ ನಿಂತಿದೆಯೇ, ಐಡಲಿಂಗಿನಲ್ಲಿ ಅದುರುತ್ತಿದೆಯೇ ಎಂದು.

‘ಬಿರುಕು’ ತಪ್ಪಲ್ಲ, ಆದರೆ ಅರ್ಧ ಮಾತು. ಹಿಂದಿನ ನಿಯೋಪ್ರೀನ್ ರಬ್ಬರಿನ ಬೆಲ್ಟ್ ಹಳತಾದಾಗ ಏಣಿನ ಮೇಲೆ ಅಡ್ಡಡ್ಡ ಸೀಳುತ್ತಿತ್ತು. ಒಂದು ಅಂಗುಲದಲ್ಲಿ ಮೂರು ಸೀಳು ಕಂಡರೆ ಬದಲಿಸುವುದು ವಾಡಿಕೆ. ಈಗಿನವು ಇಪಿಡಿಎಂ ಎಂಬ ಇನ್ನೊಂದು ಕೃತಕ ರಬ್ಬರಿನವು, ಸುಲಭಕ್ಕೆ ಬಿರುಕು ಬಿಡುವುದಿಲ್ಲ. ಅವು ಟೈರಿನ ಹಾಗೆ ಸವೆಯುತ್ತವೆ. ಏಣು ತೆಳುವಾಗಿ, ನಡುವಿನ ಸಂದು ಅಗಲವಾಗಿ, ಬೆಲ್ಟ್ ತೋಡಿನ ತಳಕ್ಕೆ ಇಳಿದು ಜಾರುತ್ತದೆ. ನೋಡಲು ಚೊಕ್ಕವಾಗಿಯೇ ಇರುತ್ತದೆ. ಆದ್ದರಿಂದ ‘ಬಿರುಕು, ಸವೆತ, ಅಂಚಿನಲ್ಲಿ ಎದ್ದ ನೂಲು, ಎಣ್ಣೆ ತಾಗಿ ಊದಿದ ರಬ್ಬರು’ ಎಂದು ನಾಲ್ಕನ್ನೂ ಹೇಳಿ.

ಒಟ್ಟು ವಾಕ್ಯ ಹೀಗಿರಲಿ: ‘ಹೊರಬೆಲ್ಟಿನ ಬಿಗಿ ನೋಡಿ. ಏಣುಗಳು ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ, ಅಂಚಿನ ನೂಲು ಎದ್ದಿದ್ದರೆ ಅಥವಾ ಎಣ್ಣೆ ತಾಗಿ ಊದಿದ್ದರೆ ಹೊಸ ಬೆಲ್ಟ್ ಹಾಕಿ.’

ಇನ್ನೊಂದು ಉತ್ತರ

ಮೇಲಿನದನ್ನು ಒಪ್ಪುತ್ತೇನೆ. ಉತ್ತರ ಕರ್ನಾಟಕದ ಗಿರಣಿಗಳಲ್ಲಿ ‘ಪಟ್ಟಾ’ ಎನ್ನುವುದುಂಟು, ಆದರೆ ಅಲ್ಲೂ ಕಾರಿನದು ಬೆಲ್ಟೇ.

ಬದಲಾಯಿಸುವ ಭಾಗಕ್ಕೆ ಬಂದಾಗ ಕ್ರಿಯಾಪದಗಳ ಕಡೆ ಗಮನವಿರಲಿ. ಹಳೆಯದನ್ನು ‘ಬಿಚ್ಚು’, ಹೊಸದನ್ನು ‘ಕೂರಿಸು’. ‘ಹಾಕು’ ಎಂದರೆ ಕೆಲಸ ಅರ್ಧಕ್ಕೇ ಮುಗಿದಂತಾಗುತ್ತದೆ, ಏಕೆಂದರೆ ಇಲ್ಲಿ ಆಗುವ ಸಾಮಾನ್ಯ ತಪ್ಪೇ ಬೆಲ್ಟ್ ಒಂದು ಏಣು ಪಕ್ಕಕ್ಕೆ ಕೂರುವುದು. ಬಿಚ್ಚುವ ಮೊದಲು ಬೆಲ್ಟ್ ಸುತ್ತುವ ದಾರಿಯ ಫೋಟೋ ತೆಗೆಯಬೇಕು. ಟೆನ್ಷನರನ್ನು ಸ್ಪ್ಯಾನರಿನಿಂದ ತಿರುಗಿಸಿ ಹಿಡಿದು, ತೋಡಿರುವ ಪುಲ್ಲಿಗಳಿಗೆಲ್ಲ ಮೊದಲು ಸುತ್ತಿ, ನುಣ್ಣನೆಯ ಪುಲ್ಲಿಯ ಮೇಲೆ ಕೊನೆಗೆ ಏರಿಸುವುದು ಸಲೀಸು. ಬೆಲ್ಟ್ ಇಲ್ಲದಿರುವಾಗಲೇ ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡಿ; ಗರಗರ ಎಂದರೆ ಬೇರಿಂಗು ಮುಗಿದಿದೆ. ಕೂರಿಸಿದ ಮೇಲೆ ಪ್ರತಿ ಪುಲ್ಲಿಯ ಅಂಚಿನಲ್ಲೂ ಬೆರಳಾಡಿಸಿ, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿದ ಮೇಲೆಯೇ ಸ್ಟಾರ್ಟ್ ಮಾಡುವುದು.

ಅಂಗಡಿಯಲ್ಲಿ ಕೇಳುವುದು ಬೆಲ್ಟಿನ ಬೆನ್ನಿನ ಮೇಲಿನ ಗುರುತನ್ನು. 6ಪಿಕೆ1200 ಎಂದಿದ್ದರೆ ಆರು ಏಣು, 1200 ಮಿ.ಮೀ. ಉದ್ದ. ಇದನ್ನು ಅನುವಾದಿಸದೆ ಹಾಗೇ ಬಿಡಿ.

ಸದ್ದಿಗೂ ಎರಡು ಪದ ಬೇಕು. ಎಳೆದಂತೆ ಬರುವುದು ‘ಕೂಗು’, ಲಯವಾಗಿ ಬಿಟ್ಟುಬಿಟ್ಟು ಬರುವುದು ‘ಚಿಲಿಪಿಲಿ’. ಎಂಜಿನ್ ಓಡುತ್ತಿರುವಾಗ ದೂರದಿಂದ ಏಣಿನ ಬದಿಗೆ ಸ್ವಲ್ಪ ನೀರು ಚಿಮುಕಿಸಿದಾಗ ಸದ್ದು ಹೆಚ್ಚಾದರೆ ಬಿಗಿ ಸಾಲದು. ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ. ಸದ್ದಡಗಿಸಲು ಬೆಲ್ಟಿಗೆ ಸ್ಪ್ರೇ ಹೊಡೆಯುವ ಸಲಹೆ ಮೂಲದಲ್ಲಿದ್ದರೆ ದಯವಿಟ್ಟು ಕೈಬಿಡಿ. ಅದು ಧೂಳು ಹಿಡಿದು ಏಣನ್ನು ಸವೆಸುತ್ತದೆ, ಕಾರಣ ಹಾಗೇ ಉಳಿಯುತ್ತದೆ.