ಹುಡುಕುತಾಣಗಳ ಮೂಲಕ ಸ್ವಂತ ಕಲಿಕೆ: ವಾಚನಾಲಯದಲ್ಲಿ ಹೇಗೆ ಆರಂಭಿಸುವುದು?

ಪ್ರಶ್ನೆ – ವಾಚನಾಲಯದ ಕಾರ್ಯಕರ್ತೆ, ಎಣ್ಮಕಜೆ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಸಣ್ಣ ವಾಚನಾಲಯದ ಕೆಲಸಗಳಲ್ಲಿ ನಾನು ತೊಡಗಿಸಿಕೊಂಡಿದ್ದೇನೆ. ಅಡಿಕೆ ಕೃಷಿಕರು, ಬೀಡಿ ಕಟ್ಟುವ ಮಹಿಳೆಯರು, ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ಯುವಕರು ನಮ್ಮಲ್ಲಿಗೆ ಬರುತ್ತಾರೆ. ಇವರೆಲ್ಲರ ಕೈಯಲ್ಲಿ ಫೋನ್ ಇದೆ, ಚಿನ್ನದ ಬೆಲೆಯಿಂದ ಮಕ್ಕಳ ಮನೆಪಾಠದವರೆಗೆ ಎಲ್ಲವನ್ನೂ ಗೂಗಲ್‌ನಲ್ಲಿ ಹುಡುಕುವ ಅಭ್ಯಾಸವೂ ಇದೆ. ಆದರೆ ಒಂದು ವಿಷಯವನ್ನು ಹಿಡಿದು ಅದರ ಆಳಕ್ಕೆ ಇಳಿಯುವವರು ಕಡಿಮೆ. ಮೇಲೆ ಕಂಡದ್ದನ್ನು ಓದಿ ಫೋನ್ ಬದಿಗಿಡುತ್ತಾರೆ. ಈಗಂತೂ ಫಲಿತಾಂಶಗಳಿಗಿಂತ ಮೊದಲೇ ಯಂತ್ರ ಬರೆದ ಸಾರಾಂಶ ಬರುವುದರಿಂದ ಕೆಳಗೆ ಸರಿಸಿ ನೋಡುವವರೂ ಇಲ್ಲ.

2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಆರಂಭವಾದ ಅಕ್ಷಯ ಯೋಜನೆಯ ಗುರಿ ಮನೆಗೊಬ್ಬರಿಗಾದರೂ ಕಂಪ್ಯೂಟರಿನ ಪರಿಚಯ ಮಾಡಿಕೊಡುವುದಾಗಿತ್ತು. ಇಂದು ಯಂತ್ರದ ಪರಿಚಯವನ್ನು ಯಾರೂ ಕೇಳುತ್ತಿಲ್ಲ. ಶಾಲೆ ಬಿಟ್ಟವರು ಹುಡುಕುತಾಣವನ್ನೇ ಹಿಡಿದುಕೊಂಡು ಕಲಿಕೆಯನ್ನು ಮುಂದುವರಿಸಬಹುದೇ ಎಂಬುದು ನನ್ನ ಪ್ರಶ್ನೆ. ಭಾನುವಾರದ ಎರಡು ಗಂಟೆ ಇದಕ್ಕೆ ಮೀಸಲಿಡುವ ಯೋಚನೆಯಿದೆ. ಇಲ್ಲಿನ ಫೋನುಗಳಲ್ಲಿ ಮಲೆಯಾಳ ಮತ್ತು ಇಂಗ್ಲಿಷ್ ಪುಟಗಳೇ ಮೊದಲು ಬರುತ್ತವೆ, ಕನ್ನಡದಲ್ಲಿ ಕೇಳಿದರೆ ಸಿಗುವುದು ಬಹಳ ಸ್ವಲ್ಪ. ಅನುಭವಸ್ಥರು ದಾರಿ ತೋರಿಸಬೇಕಾಗಿ ಕೋರಿಕೆ.

ಉತ್ತರ – ಅಡಿಕೆ ಕೃಷಿಕ, ಬೆಳ್ಳೂರು

ಅಕ್ಕಾ, ‘ಹುಡುಕುವುದು ಹೇಗೆ’ ಎಂಬ ತರಗತಿಯನ್ನು ದಯವಿಟ್ಟು ಮಾಡಬೇಡಿ. ಜನರಿಗೆ ನಿಜವಾಗಿ ಬೇಕಾದ ಒಂದು ವಿಷಯವನ್ನು ಮುಂದಿಟ್ಟುಕೊಂಡು ಕುಳಿತರೆ ಹುಡುಕುವ ಬಗೆ ಅದರ ಜೊತೆಯಲ್ಲೇ ಬರುತ್ತದೆ. ಪತ್ತನಾಜೆಗೆ (ಮೇ ಕೊನೆಯಲ್ಲಿ ಬರುವ ತುಳುನಾಡಿನ ವಿಶೇಷ ದಿನ) ಮೊದಲು ಆರಂಭಿಸುವುದಾದರೆ, ಮಳೆಗಾಲದಲ್ಲಿ ಅಡಿಕೆ ಕಾಯಿಗಳು ಕೊಳೆತು ಉದುರುವ ಕೊಳೆರೋಗಕ್ಕಿಂತ ಒಳ್ಳೆಯ ವಿಷಯ ಸಿಗದು.

ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ, ಈ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಲೆಕ್ಕ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಹುಡುಕಿದರೂ ಮೊದಲು ಸಿಗುವುದು ಅದೇ ಲೆಕ್ಕ, ಮತ್ತು ಅಲ್ಲಿಗೆ ನಿಲ್ಲಿಸಿದರೆ ಗೊತ್ತಿದ್ದದ್ದನ್ನೇ ಇನ್ನೊಮ್ಮೆ ಓದಿದಂತಾಗುತ್ತದೆ. ಸುಣ್ಣ ಯಾಕೆ ಬೇಕು ಎಂದು ಹುಡುಕಿಸಿ. ಬರೀ ಮೈಲುತುತ್ತಿನ ನೀರು ಆಮ್ಲೀಯವಾದ್ದರಿಂದ ಎಳೆಕಾಯಿಯನ್ನೂ ಸೋಗೆಯನ್ನೂ ಸುಡುತ್ತದೆ, ಸುಣ್ಣ ಸೇರಿದಾಗ ಆಮ್ಲ ಶಮನವಾಗಿ ತಾಮ್ರವು ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ಬಂದು ಗೊನೆಯ ಮೇಲೆ ಅಂಟಿ ಉಳಿಯುತ್ತದೆ ಎಂಬುದು ತಿಳಿಯುತ್ತದೆ. ಹದ ಸರಿಯಾಯಿತೆಂದು ಗೊತ್ತಾಗುವುದು ಹೇಗೆ ಎಂಬುದು ಅದರ ನಂತರ ತಾನಾಗಿ ಏಳುವ ಪ್ರಶ್ನೆ. ತುಕ್ಕಿಲ್ಲದ, ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಹೆಚ್ಚಾಗಿದೆ, ಇನ್ನೂ ಸುಣ್ಣದ ತಿಳಿ ಬೇಕು ಎಂದು ಅರ್ಥ. ಈ ಪರೀಕ್ಷೆಯನ್ನು ಹಿರಿಯರು ಮಾಡುತ್ತಲೇ ಬಂದಿದ್ದಾರೆ. ಆದರೆ ಆ ಕೆಂಪು ಕಬ್ಬಿಣಕ್ಕೇ ಯಾಕೆ ಹಿಡಿಯುತ್ತದೆ ಎಂದು ಹುಡುಕಿದವನು ಹತ್ತನೆಯ ತರಗತಿಯ ರಸಾಯನಶಾಸ್ತ್ರಕ್ಕೆ ಹೋಗಿ ನಿಲ್ಲುತ್ತಾನೆ: ಕಬ್ಬಿಣವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲವಾದ್ದರಿಂದ ದ್ರಾವಣದಲ್ಲಿರುವ ತಾಮ್ರವನ್ನು ಹೊರದೂಡಿ ತಾನು ಅದರ ಜಾಗಕ್ಕೆ ಇಳಿಯುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಮದ್ದು ಕಲಸಬಾರದು ಎಂಬ ಮಾತಿಗೂ ಕಾರಣ ಇದೇ. ಶಾಲೆ ಬಿಟ್ಟ ಹುಡುಗ ಮತ್ತು ನಲುವತ್ತು ಮಳೆಗಾಲ ಮದ್ದು ಬಿಟ್ಟ ಅಜ್ಜ ಒಂದೇ ಪ್ರಶ್ನೆಯ ಎದುರು ಕುಳಿತುಕೊಳ್ಳುವುದು ಇಂತಹ ಕಡೆಗಳಲ್ಲಿ. ಹುಡುಕುತಾಣದಿಂದ ಇದಕ್ಕಿಂತ ಹೆಚ್ಚಿನ ಉಪಕಾರವನ್ನು ನಾನು ನಿರೀಕ್ಷಿಸುವುದಿಲ್ಲ.

ಕುತೂಹಲವಿದ್ದವರು ಇನ್ನೂ ಹಿಂದಕ್ಕೆ ಹೋಗಬಹುದು. ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದ್ದರು; ಅವರು ಅಡಿಕೆಗೆ ಬಳಸಿದ ಆ ದ್ರಾವಣವು 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ್ದು. ಒಂದು ಎಚ್ಚರಿಕೆ ಮಾತ್ರ ಇರಲಿ: ತೋಟಕ್ಕೆ ಸಿಂಪಡಿಸುವ ಯಾವುದನ್ನೂ ವಿಡಿಯೋ ಒಂದನ್ನೇ ನಂಬಿ ಅಳತೆ ಮಾಡಬಾರದು. ಕೂಡ್ಲಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇರುವಾಗ ಅವರ ಪುಟವನ್ನು ನೋಡಿ ತಾಳೆ ಹಾಕುವುದು ಕಷ್ಟವಲ್ಲ.

ಉತ್ತರ – ಪ್ರೌಢಶಾಲಾ ಅಧ್ಯಾಪಕ, ಮಂಜೇಶ್ವರ

ಬೆಳ್ಳೂರಿನವರು ‘ಯಾಕೆ’ ಎಂಬ ಪ್ರಶ್ನೆಯನ್ನು ಹೇಳಿದ್ದಾರೆ. ‘ಯಾರು ಹೇಳಿದ್ದು’ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕಲಿಸಬೇಕಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು ಇತಿಹಾಸಕಾರರು, ವಿದ್ಯಾರ್ಥಿಗಳು ಮತ್ತು ಸುದ್ದಿಯ ಸತ್ಯಾಸತ್ಯ ಪರಿಶೀಲಿಸುವ ವೃತ್ತಿಯವರು ಜಾಲತಾಣಗಳನ್ನು ಅಳೆಯುವ ಬಗೆಯನ್ನು ಹೋಲಿಸಿ ನೋಡಿದ್ದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಬಹಳಷ್ಟು ಬಾರಿ ಒಂದೇ ಪುಟದೊಳಗೆ ಉಳಿದು, ಅದರ ಅಂದಕ್ಕೂ ಹೆಸರಿಗೂ ಮರುಳಾದರು. ಪರಿಶೀಲಕರಾದರೋ ಆ ಪುಟದಿಂದ ಬೇಗನೆ ಹೊರಬಂದು, ಅದನ್ನು ನಡೆಸುವವರ ಕುರಿತು ಉಳಿದವರು ಏನು ಹೇಳುತ್ತಾರೆಂದು ಬೇರೆ ಕಿಟಕಿಗಳನ್ನು ತೆರೆದು ನೋಡಿದರು. ಅವರ ತೀರ್ಮಾನಗಳೇ ಹೆಚ್ಚು ಸರಿಯಾಗಿದ್ದವು, ಸಮಯವೂ ಕಡಿಮೆ ಸಾಕಾಯಿತು. ಫೋನಿನಲ್ಲಿ ಇದನ್ನು ಹತ್ತು ನಿಮಿಷದಲ್ಲಿ ತೋರಿಸಿಕೊಡಬಹುದು.

ನಿಮ್ಮ ಪಂಚಾಯತು ಇಷ್ಟೊಂದು ನೋವುಂಡ ವಿಷಯವನ್ನೇ ಉದಾಹರಣೆಯಾಗಿ ಎತ್ತುತ್ತಿದ್ದೇನೆ, ಏಕೆಂದರೆ ಅದು ಅಲ್ಲಿನವರಿಗೆ ಯಾವುದೇ ಪಾಠಪುಸ್ತಕಕ್ಕಿಂತ ಹತ್ತಿರದ್ದು. ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕ ನಿಷೇಧವಾದದ್ದು ಯಾವಾಗ ಎಂದು ಹುಡುಕಿಸಿ. ಒಂದು ಪುಟ 2011ರ ಏಪ್ರಿಲ್ ಎನ್ನುತ್ತದೆ, ಇನ್ನೊಂದು ಅದೇ ವರ್ಷದ ಮೇ 13 ಎನ್ನುತ್ತದೆ, ಕೇರಳದ ಮಟ್ಟಿಗೆ ಅದಕ್ಕೂ ಹಿಂದಿನ ದಿನಾಂಕಗಳನ್ನು ಕೊಡುವ ಪುಟಗಳಿವೆ. ಯಾವುದು ತಪ್ಪು ಎಂದು ಮಕ್ಕಳು ಕೇಳುತ್ತಾರೆ. ಯಾವುದೂ ತಪ್ಪಲ್ಲ. ಏಪ್ರಿಲ್‌ನದು, ಬಹುಕಾಲ ಉಳಿಯುವ ವಿಷಕಾರಿ ರಾಸಾಯನಿಕಗಳ ಕುರಿತ ಅಂತಾರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದ ನಿರ್ಣಯ, ಮೇ ತಿಂಗಳಿನದು ಭಾರತದ ಸರ್ವೋಚ್ಚ ನ್ಯಾಯಾಲಯದ ಮಧ್ಯಂತರ ಆದೇಶ, ರಾಜ್ಯದ ನಿರ್ಬಂಧ ಅದಕ್ಕಿಂತ ಬೇರೆ. ಸಾರಾಂಶ ಕೊಡುವ ಯಂತ್ರ ಇವುಗಳಲ್ಲಿ ಒಂದನ್ನು ಹೆಕ್ಕಿ ‘ಉತ್ತರ’ವೆಂದು ಕೊಟ್ಟರೆ ಓದಿದವನಿಗೆ ಒಂದು ದಿನಾಂಕ ಸಿಕ್ಕಿತೇ ಹೊರತು, ಒಂದು ವಿಷವನ್ನು ನಿಲ್ಲಿಸಲು ಎಷ್ಟು ಬಾಗಿಲುಗಳನ್ನು ತಟ್ಟಬೇಕಾಯಿತು ಎಂಬ ತಿಳಿವು ಸಿಗಲಿಲ್ಲ.

ಇನ್ನೊಂದು ಅಭ್ಯಾಸವನ್ನು ನನ್ನ ತರಗತಿಯಲ್ಲಿ ಬಿಡದೆ ಮಾಡಿಸುತ್ತೇನೆ. ಹುಡುಕುವ ಮೊದಲು, ತನಗೆ ಗೊತ್ತಿರುವುದನ್ನು ನಾಲ್ಕು ಸಾಲು ಬರೆಯಬೇಕು. ಓದಿದ ಮೇಲೆ ಫೋನನ್ನು ಮಗುಚಿಟ್ಟು ಸ್ವಂತ ಮಾತಿನಲ್ಲಿ ಮತ್ತೆ ಬರೆಯಬೇಕು. ಮ್ಯಾಥ್ಯೂ ಫಿಶರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಂತರ್ಜಾಲದಲ್ಲಿ ವಿವರಣೆಗಳನ್ನು ಹುಡುಕಿದವರು ಅದಕ್ಕೆ ಸಂಬಂಧವೇ ಇಲ್ಲದ ವಿಷಯಗಳನ್ನೂ ತಾವು ಚೆನ್ನಾಗಿ ವಿವರಿಸಬಲ್ಲೆವೆಂದು ಭಾವಿಸಿದ್ದು ಕಂಡುಬಂತು. ಜಾಲದಲ್ಲಿರುವುದನ್ನು ತನ್ನ ತಲೆಯಲ್ಲಿರುವುದೆಂದು ತಿಳಿಯುವ ಈ ಭ್ರಮೆಗೆ ಖಾಲಿ ಹಾಳೆಗಿಂತ ಒಳ್ಳೆಯ ಮದ್ದು ನನಗೆ ಕಂಡಿಲ್ಲ.

ಉತ್ತರ – ಡಿಟಿಪಿ ಕೆಲಸದವ, ಕುಂಬಳೆ

ಕನ್ನಡದಲ್ಲಿ ಕಡಿಮೆ ಸಿಗುವುದಕ್ಕೆ ಬರಹಗಳ ಕೊರತೆಯೊಂದೇ ಕಾರಣವಲ್ಲ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಎಷ್ಟೋ ಪಿಡಿಎಫ್‌ಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯುನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ಇಲ್ಲದ ಆ ಪುಟಗಳು ನಮ್ಮ ಹುಡುಕಾಟಕ್ಕೆ ಸಿಗುವುದಿಲ್ಲ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಕಾಗುಣಿತದ ಭೇದವೂ ಇದೆ: ಅಡಿಕೆ ಎಂದೂ ಅಡಕೆ ಎಂದೂ, ಕೊಳೆರೋಗವನ್ನು ಸೇರಿಸಿಯೂ ಬಿಡಿಸಿಯೂ ಹುಡುಕಿ ನೋಡಬೇಕು. ವಿಭಕ್ತಿ ಪ್ರತ್ಯಯ ಹಚ್ಚಿದ ಉದ್ದ ವಾಕ್ಯಕ್ಕಿಂತ ಎರಡು ಮೂರು ಮೂಲಪದಗಳನ್ನು ಕೊಟ್ಟರೆ ಫಲಿತಾಂಶ ಉತ್ತಮ. ರೋಗಾಣುವಿನ ವೈಜ್ಞಾನಿಕ ಹೆಸರನ್ನು ಒಮ್ಮೆ ಪತ್ತೆಹಚ್ಚಿ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರೆ ಎಲ್ಲ ಭಾಷೆಗಳ ಬರಹಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಅದೇ ಪದಗಳು ಅದೇ ಕ್ರಮದಲ್ಲಿರುವ ಪುಟಗಳು ಬರುತ್ತವೆ, ಬೇಡದ ಪದದ ಆರಂಭಕ್ಕೆ ಅಂತರವಿಲ್ಲದೆ ಕಳೆಯುವ ಚಿಹ್ನೆ (-) ಹಾಕಿದರೆ ಅದು ಬಿಟ್ಟುಹೋಗುತ್ತದೆ.

ಮಲೆಯಾಳ ಪುಟಗಳು ಮೊದಲು ಬರುವುದು ನಾವಿರುವ ಸ್ಥಳವನ್ನೂ ಫೋನಿನ ಭಾಷೆಯನ್ನೂ ತಾಣ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ. ಅದನ್ನು ತೊಂದರೆಯೆಂದು ತಿಳಿಯಬೇಕಾಗಿಲ್ಲ. ಮಲೆಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಪುಟವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯ ಫೋನಿನಲ್ಲೇ ಇದೆ.

ಮರುಪ್ರಶ್ನೆ – ವಾಚನಾಲಯದ ಕಾರ್ಯಕರ್ತೆ, ಎಣ್ಮಕಜೆ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೊಳೆರೋಗದಿಂದಲೇ ಆರಂಭಿಸುತ್ತೇವೆ. ಬೀಡಿ ಕಟ್ಟುವ ಅಕ್ಕಂದಿರಿಗೆ ಯಾವ ವಿಷಯ ಸರಿಹೋದೀತು, ಮಾಸ್ಟ್ರೇ?

ಉತ್ತರ – ಪ್ರೌಢಶಾಲಾ ಅಧ್ಯಾಪಕ, ಮಂಜೇಶ್ವರ

ಅವರ ಕೆಲಸಕ್ಕೆ ಸಂಬಂಧಿಸಿದ ಕಾನೂನನ್ನೇ ಕೊಡಿ. ಬೀಡಿ ಕಾರ್ಮಿಕರ ಹಕ್ಕುಗಳೆಂದು ಹುಡುಕಿದರೆ 1966ರ ಕಾಯ್ದೆಯನ್ನು ವಿವರಿಸುವ ಪುಟಗಳು ಧಾರಾಳವಾಗಿ ಬರುತ್ತವೆ. ಆದರೆ ಆ ಕಾಯ್ದೆಯನ್ನು 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಯೊಂದರೊಳಗೆ ಸೇರಿಸಲಾಗಿದೆ. ಆದ್ದರಿಂದ ಪ್ರತಿ ಪುಟದ ದಿನಾಂಕವನ್ನು ನೋಡುವುದು, ಫಲಿತಾಂಶಗಳನ್ನು ಕಳೆದ ಒಂದು ವರ್ಷಕ್ಕೆ ಸೀಮಿತಗೊಳಿಸುವುದು, ಕಾರ್ಮಿಕ ಸಚಿವಾಲಯದ ಪುಟದೊಂದಿಗೆ ಹೋಲಿಸುವುದು, ಈ ಮೂರನ್ನೂ ಅವರು ಒಂದೇ ಕೂಟದಲ್ಲಿ ಕಲಿಯುತ್ತಾರೆ. ಮನೆಯಿಂದ ಪ್ರಾವಿಡೆಂಟ್ ಫಂಡಿನ ಪುಸ್ತಕ ಇದ್ದರೆ ತರಲು ಹೇಳಿ. ಅದರಲ್ಲಿರುವ ಪ್ರತಿಯೊಂದು ಅಂಕಣವೂ ಹುಡುಕಲು ಯೋಗ್ಯವಾದ ಒಂದೊಂದು ಪ್ರಶ್ನೆ.